ಹನ್ನೊಂದನೆಯ ಒಲೆ

ಜೇವರ್ಗಿ
3 ನವೆಂಬರ್ 2024, ಭಾನುವಾರ

ಪೂಜ್ಯ ಗುರುಶಾಂತಮ್ಮ ವೈನಿಯವರಿಗೆ ಮೈದುನ ಅಮರನಾಥನ ಶರಣು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಪೆನ್ನೆತ್ತಿದೆ, ಕೈ ತಡೆಯಿತು. ಕ್ಷೇಮವನ್ನು ನಾನಿನ್ನೂ ಅಳೆದಿಲ್ಲ. ಅಳೆಯದಿರುವುದನ್ನು ಇದೆ ಎಂದು ಹೇಳಬಾರದೆಂದು ಕಲಬುರಗಿಯ ಮೂರು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದೇನೆ. ತರಬೇತಿಯ ಹೆಸರು ‘ಸಣ್ಣ ಉದ್ಯಮಗಳಲ್ಲಿ ನಿರ್ಧಾರ ಮತ್ತು ಸಾಧನೆ’. ಒಂದು ಫೈಲು, ಒಂದು ಪೆನ್ನು, ಕೊರಳಿಗೊಂದು ಗುರುತಿನ ಚೀಟಿ, ಕೊನೆಯ ದಿನ ಪ್ರಮಾಣಪತ್ರ. ಅದಕ್ಕೆ ಗಾಜು ಹಾಕಿಸಿ ಅಂಗಡಿಯ ತಕ್ಕಡಿಯ ಮೇಲ್ಗಡೆ ತೂಗುಹಾಕಿದ್ದೇನೆ. ಮೊಳೆ ಇರಲಿಲ್ಲ. ನಮ್ಮ ಪ್ಯಾಕಿಂಗಿನ ಧಮ್ಮಪಾಲ ತನ್ನ ಟವೆಲ್ಲು ಹಾಕುತ್ತಿದ್ದ ಮೊಳೆಯನ್ನೇ ಖಾಲಿ ಮಾಡಿಸಿದೆ. ಪಾಪ, ಅವನು ಜ್ವರದಲ್ಲಿ ಮಲಗಿದ್ದಾನೆ, ಆಕ್ಷೇಪ ಬರಲಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಯುಗಾದಿಯಂದು ನೀವು ಫೋನ್ ಕಟ್ ಮಾಡಿದಿರೋ, ನೆಟ್‌ವರ್ಕೇ ಹೋಯಿತೋ ಎಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ‘ಧಂದೆಯ ಮಾತು ಕಾಗದದಲ್ಲಿ, ಫೋನಿನಲ್ಲಿ ಊಟ ಆಯಿತೇ ಎಂದು ಮಾತ್ರ’ ಎಂದು ನಿಮ್ಮ ಯಜಮಾನರು, ನಮ್ಮ ಶಿವರಾಯಣ್ಣ, ಕೊಟ್ಟ ತೀರ್ಪನ್ನು ಪಾಲಿಸುತ್ತಾ, ಈ ಪತ್ರವನ್ನು ಖಾಲಿ ರೊಟ್ಟಿ ಬುಟ್ಟಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಿದ್ದೇನೆ.

ವಿಷಯ ದೊಡ್ಡದಿದೆ. ಅಫಜಲಪುರದಲ್ಲಿ ಕ್ಯಾಂಟೀನು ನಡೆಸುವ ಅಬ್ದುಲ್ ಗನಿ ಸಾಹೇಬರು ಡಿಸೆಂಬರ್ ಎರಡರಿಂದ ನಾಲ್ಕು ತಿಂಗಳು, ದಿನಕ್ಕೆ ಎರಡು ಸಾವಿರದ ಇನ್ನೂರು ಕಡಕ್ ರೊಟ್ಟಿ ಕೇಳಿದ್ದಾರೆ. ಆಳಂದದ ನಮ್ಮ ಶೆಡ್ಡಿನಲ್ಲಿ ಒಲೆ ಹನ್ನೊಂದು, ಹೆಣ್ಣುಮಕ್ಕಳು ಹನ್ನೊಂದು, ತಲೆಗೆ ಇನ್ನೂರು. ಭಾಗಾಕಾರವನ್ನು ದೇವರೇ ಮಾಡಿಟ್ಟಂತಿದೆ. ಕರಾರು ಒಂದೇ. ಒಂದು ವಾರದಲ್ಲಿ ಎರಡು ದಿನ ಕಡಿಮೆ ಬಿದ್ದರೆ ಆರ್ಡರು ರದ್ದು, ಅವರು ಯಂತ್ರದ ರೊಟ್ಟಿ ತರಿಸುತ್ತಾರೆ. ಹಾಗಾದರೆ ನಾನೂ ಸೋಲಾಪುರದಿಂದ ಯಂತ್ರ ತಂದು ಜೇವರ್ಗಿಯಲ್ಲಿ ಕೂಡಿಸಬೇಕು, ಆಳಂದದ ಒಲೆಗಳನ್ನು ಆರಿಸಬೇಕು. ಇದು ಬೆದರಿಕೆಯಲ್ಲ. ತರಬೇತಿಯಲ್ಲಿ ಇದನ್ನು ‘ಪರ್ಯಾಯ ಯೋಜನೆ’ ಎನ್ನುತ್ತಾರೆ.

ಅದಕ್ಕೇ ಒಂದು ಚಾರ್ಟು ಕಳಿಸಿದ್ದೇನೆ. ಹನ್ನೊಂದು ಹೆಸರು ಬರೆದು, ದಿನಾ ಸಂಜೆ ಒಬ್ಬೊಬ್ಬರ ಬುಟ್ಟಿಯ ರೊಟ್ಟಿ ಎಣಿಸಿ ತುಂಬಿರಿ. ನಾನು ಆರು ತಿಂಗಳಿಂದ ಆಳಂದಕ್ಕೆ ಬಂದಿಲ್ಲ. ಇನ್ನು ಬರುವ ಅಗತ್ಯವೂ ಇಲ್ಲ, ಚಾರ್ಟೇ ಬರುತ್ತದಲ್ಲ.

ನಿಮ್ಮ
ಅಮರನಾಥ


ಆಳಂದ
7 ನವೆಂಬರ್ 2024

ಚಿರಂಜೀವಿ ಅಮರನಾಥನಿಗೆ ಗುರುಶಾಂತಮ್ಮನ ಆಶೀರ್ವಾದ.

ನಿನ್ನ ಚಾರ್ಟು ಬಂತು. ಬಸವಣ್ಣನವರ ಪಟದ ಪಕ್ಕದಲ್ಲಿ ಅಂಟಿಸಿದ್ದೇನೆ, ಬೇರೆ ಗೋಡೆಗೆ ಹೊಗೆ ಹತ್ತುತ್ತದೆ. ಮೊದಲ ದಿನವೇ ಅದರ ಮೇಲೊಂದು ಹಲ್ಲಿ ಬಂದು ಕೂತಿದೆ. ಅದನ್ನು ಯಾವ ಖಾನೆಯಲ್ಲಿ ತುಂಬಲಿ?

ಹೆಣ್ಣುಮಕ್ಕಳೆಲ್ಲ ಕೈಯ ಹಿಟ್ಟು ಕೊಡವಿಕೊಂಡು ಬಂದು ನೋಡಿದರು. ನಿಂಬೆವ್ವ, ‘ಏನ್ರಿ ಅಕ್ಕಾರ, ಬರೋ ವರ್ಷದ ಪಂಚಾಂಗ ಇಷ್ಟು ಲಗೂ ಬಂತೇನ್ರಿ?’ ಎಂದಳು.

‘ಪಂಚಾಂಗ ಅಲ್ಲವಾ, ಯಾರು ಎಷ್ಟು ಬಡೀತೀರಿ ಅಂತ ಅಮರಪ್ಪ ಜೇವರ್ಗ್ಯಾಗ ಕುಂತು ನೋಡ್ತಾನಂತ.’

‘ಜೇವರ್ಗಿಂದ ಕಾಣ್ತದೇನ್ರಿ? ನಮ್ಮ ಮನ್ಯಾವಗ ಪಕ್ಕದಾಗ ಕುಂತ್ರೂ ನಾ ಕಾಣಲಾರದಂಗ ಆಗೀನಿ.’

ನಿನ್ನ ಅಣ್ಣನವರು ಕನ್ನಡಕ ಹಾಕಿಕೊಂಡು ಚಾರ್ಟನ್ನು ಮೇಲಿಂದ ಕೆಳಗೆ ಓದಿ, ‘ಛಲೋ ಅದ, ಗೆರಿ ನೆಟ್ಟಗ ಹೊಡದಾನ’ ಎಂದು ಹೊರಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಬಂದ ದೊಡ್ಡ ಮೆಚ್ಚುಗೆ ಇದು, ಅದೂ ನಿನ್ನ ಪಾಲಿಗೆ ಹೋಯಿತು.

ಒಂದು ಸಂಶಯ. ಬುಟ್ಟಿ ಎಣಿಸಬೇಕೋ, ಹೆಣ್ಣುಮಕ್ಕಳನ್ನು ಎಣಿಸಬೇಕೋ? ಸ್ಪಷ್ಟವಾಗಿ ಬರೆ. ನಮ್ಮ ಶೆಡ್ಡಿನಲ್ಲಿ ಬುಟ್ಟಿ ಇಡುವುದು ಒಲೆಯ ಮಗ್ಗುಲಿಗೆ, ಕೂಲಿಯೂ ಬುಟ್ಟಿಯ ಮೇಲೆ. ಇದರಲ್ಲಿ ನಿನಗೆ ಹೇಳಬೇಕಾದ ಮಾತು ಇನ್ನೊಂದಿದೆ. ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಅದಕ್ಕೂ ಮೊದಲು ಧಮ್ಮಪಾಲನ ಸುದ್ದಿ ತಿಳಿಸು. ಜ್ವರ ಬಿಟ್ಟಿತೇ? ಕೆಲಸಕ್ಕೆ ಬಂದನೇ?

ಆಶೀರ್ವಾದಗಳು,
ಗುರುಶಾಂತಮ್ಮ


ಜೇವರ್ಗಿ
16 ನವೆಂಬರ್ 2024

ಪೂಜ್ಯ ವೈನಿಯವರಿಗೆ ಶರಣು.

ಮೊದಲ ವಾರದ ಚಾರ್ಟು ಕೈಸೇರಿತು. ಹಲ್ಲಿಯ ಗುರುತು ಒಂದೆರಡು ಕಡೆ ಇದೆ, ಕ್ಷಮಿಸಿದ್ದೇನೆ.

ನಿಮ್ಮ ಸಂಶಯಕ್ಕೆ ಉತ್ತರ: ಬುಟ್ಟಿ ಎಣಿಸಿದರೂ ಹೆಣ್ಣುಮಕ್ಕಳನ್ನು ಎಣಿಸಿದರೂ ಎರಡೂ ಒಂದೇ. ಒಲೆಯ ಮುಂದೆ ಒಬ್ಬಳು, ಮಗ್ಗುಲಿಗೆ ಒಂದು ಬುಟ್ಟಿ. ಇದರಲ್ಲಿ ತತ್ವಶಾಸ್ತ್ರ ಏನೂ ಇಲ್ಲ.

ಧಮ್ಮಪಾಲನ ಜ್ವರ ಬಿಟ್ಟಿತು, ನಮ್ಮ ಕೆಲಸವೂ ಬಿಟ್ಟಿತು. ಹದಿನೈದು ದಿನ ಬರದವನ ಜಾಗವನ್ನು ಖಾಲಿ ಇಡುವಂತಿಲ್ಲ. ಬೇರೆಯವನನ್ನು ತೆಗೆದುಕೊಂಡೆ. ಅವನು ಬಂದು ಬಾಗಿಲಲ್ಲಿ ನಿಂತು, ‘ಆತು ಬಿಡ್ರಿ ಸಾವ್ಕಾರ’ ಎಂದು ಹೋದ. ಕಠಿಣ ನಿರ್ಧಾರಗಳನ್ನು ಬೇಗ ತೆಗೆದುಕೊಳ್ಳಬೇಕು ಎಂಬುದು ಎರಡನೆಯ ದಿನದ ಪಾಠ.

ಈಗ ಫಲಿತಾಂಶ. ಒಟ್ಟು ದಿನಕ್ಕೆ ಸರಿಯಾಗಿ ಎರಡು ಸಾವಿರದ ಇನ್ನೂರು. ಅಂದರೆ ಅಂಚಿನ ಮೇಲೆ ನಿಂತಿದ್ದೇವೆ. ಒಬ್ಬರು ಸೀನಿದರೂ ಕೆಳಗೆ ಬೀಳುತ್ತೇವೆ. ಪ್ರಥಮ ಸ್ಥಾನ ಖುರ್ಷಿದಬೇಗಂ. ದಿನಾ ಇನ್ನೂರ ನಲವತ್ತು. ಒಂದು ದಿನವೂ ಏರಿಲ್ಲ, ಇಳಿದಿಲ್ಲ. ಗಡಿಯಾರದಂಥ ಹೆಣ್ಣುಮಗಳು. ಒಂದು ಸ್ಟೀಲಿನ ಕೊಡ, ಒಂದು ಪ್ರಮಾಣಪತ್ರ ಕೊಡಬೇಕೆಂದು ನಿರ್ಧರಿಸಿದ್ದೇನೆ. ಕೊಡ ಖರೀದಿಯೂ ಆಯಿತು.

ಕೊನೆಯ ಸ್ಥಾನ ನಿಂಬೆವ್ವ. ದಿನಕ್ಕೆ ನೂರಾ ಇಪ್ಪತ್ತು. ಅವಳ ನಾಲಿಗೆಯನ್ನು ಎಣಿಸುವ ಖಾನೆ ಇದ್ದಿದ್ದರೆ ಮೊದಲು ಬರುತ್ತಿದ್ದಳೋ ಏನೋ. ತಿಂಗಳ ಕೊನೆಗೆ ಅವಳನ್ನು ಬಿಡಿಸಿರಿ. ಅವಳ ಒಲೆಗೆ ನೆಲೋಗಿಯಿಂದ ಜಯಮಾಲಾ ಎಂಬುವಳನ್ನು ಕಳಿಸುತ್ತೇನೆ, ಇನ್ನೂರ ಮೂವತ್ತು ಬಡಿಯುವ ಕೈ. ಗುರುವಾರದ ಬಸ್ಸಿಗೆ ನಿಮ್ಮ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ.

ನೀವು ಇನ್ನೊಂದು ಮಾತು ಹೇಳುವುದಿದೆ ಎಂದಿದ್ದಿರಿ. ಏನದು?

ಅಮರನಾಥ


ಆಳಂದ
19 ನವೆಂಬರ್ 2024

ಚಿ. ಅಮರನಾಥನಿಗೆ ಆಶೀರ್ವಾದ.

ನಿಂಬೆವ್ವನನ್ನು ಬಿಡಿಸಬೇಡ. ಕಾರಣ ಕೇಳಬೇಡ.

ಹೇಳಬೇಕೆಂದಿದ್ದ ಮಾತು ಮರೆತುಹೋಯಿತು. ವಯಸ್ಸಾಯಿತಲ್ಲ. ಧಮ್ಮಪಾಲನ ಸುದ್ದಿ ಓದಿದ ಮೇಲೆ ಮರೆವು ಇನ್ನೂ ಜಾಸ್ತಿಯಾಗಿದೆ.

ಖುರ್ಷಿದಬೇಗಂಗೆ ಬಹುಮಾನವೂ ಬೇಡ. ಅವಳು ನಾಚಿಕೆಯ ಹೆಣ್ಣುಮಗಳು, ಜನರೆದುರು ಬರುವವಳಲ್ಲ. ಕೊಡವನ್ನು ನಿನ್ನ ಮನೆಯಲ್ಲೇ ಇಟ್ಟುಕೊ, ನೀರು ಹಿಡಿಯುತ್ತದೆ.

ಹನ್ನೆರಡು ವರ್ಷದಿಂದ ಈ ಶೆಡ್ಡು ನಡೆಸುತ್ತಿದ್ದೇನೆ. ಇಷ್ಟು ದಿನ ನಾನು ನಿನ್ನಿಂದ ಏನನ್ನಾದರೂ ಕಾರಣ ಹೇಳದೆ ಕೇಳಿದ್ದಿದೆಯೇ? ಒಮ್ಮೆ ಕೇಳುತ್ತಿದ್ದೇನೆ. ಚಾರ್ಟನ್ನು ಮಡಿಚಿಡು. ನಿನಗೆ ಎರಡು ಸಾವಿರದ ಇನ್ನೂರು ಬೇಕು ತಾನೆ? ಬರುತ್ತದೆ. ಹೇಗೆ ಬರುತ್ತದೆ ಎಂಬುದನ್ನು ಒಲೆಗಳಿಗೆ ಬಿಡು.

ಗುರುಶಾಂತಮ್ಮ


ಜೇವರ್ಗಿ
21 ನವೆಂಬರ್ 2024

ಪೂಜ್ಯ ವೈನಿಯವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಅರ್ಥವಾಯಿತು. ನಿಂಬೆವ್ವ ಹಿರೋಳ್ಳಿಯವಳು. ತಾವೂ ಹಿರೋಳ್ಳಿಯ ಮಗಳು. ತವರೂರಿನ ಮಣ್ಣು ಎಂದರೆ ಯಾರಿಗೆ ತಾನೇ ಪ್ರೀತಿ ಇಲ್ಲ? ನನಗೂ ಇದೆ. ಆದರೆ ಆ ಪ್ರೀತಿಗೆ ದಿನಕ್ಕೆ ಎಂಬತ್ತು ರೊಟ್ಟಿ ಖೋತಾ ಬೀಳುತ್ತಿದೆ. ಪ್ರಥಮ ಬಂದ ಖುರ್ಷಿದಬೇಗಂಗೆ ಕೊಡ ಬೇಡ, ಕೊನೆಗೆ ಬಂದ ನಿಂಬೆವ್ವನಿಗೆ ಕೆಲಸ ಬೇಕು. ಇದಕ್ಕೆ ನಾನು ಹೆಸರಿಡುವುದಿಲ್ಲ. ತರಬೇತಿಯಲ್ಲಿ ಇಟ್ಟಿದ್ದಾರೆ.

‘ಹೇಗೆ ಬರುತ್ತದೆ ಎಂಬುದನ್ನು ಒಲೆಗಳಿಗೆ ಬಿಡು’ ಎಂದಿರಿ. ವೈನಿ, ಗನಿ ಸಾಹೇಬರ ಕರಾರಿಗೆ ಸಹಿ ಹಾಕಿದವನು ನಾನು, ಒಲೆಗಳಲ್ಲ. ಇದನ್ನು ನಿಮಗೆ ಮೊದಲೇ ಹೇಳಲಿಲ್ಲ. ಮೊದಲ ಪತ್ರ ಬರೆಯುವ ಹೊತ್ತಿಗೇ ಸಹಿ ಆಗಿತ್ತು.

ತಮಗೆ ಸಂಕಟವಾಗಬಾರದೆಂದು ಒಂದು ಉಪಾಯ ಮಾಡಿದ್ದೇನೆ. ನಿಂಬೆವ್ವನಿಗೆ ನಾನೇ ನೇರವಾಗಿ ರಿಜಿಸ್ಟರ್ ಪತ್ರ ಹಾಕಿದ್ದೇನೆ. ಬೈಗುಳ ನನಗೇ ಬರಲಿ. ಜಯಮಾಲಾ ಒಂದನೆಯ ತಾರೀಖಿನ ಸಂಜೆ ಬರುತ್ತಾಳೆ, ಅಲ್ಲೇ ಅವಳ ಚಿಕ್ಕಮ್ಮನ ಮನೆಯಿದೆ.

ಅಮರನಾಥ


ಆಳಂದ
26 ನವೆಂಬರ್ 2024

ಶ್ರೀ ಅಮರನಾಥ ಅವರಿಗೆ,

ತಮ್ಮ ರಿಜಿಸ್ಟರ್ ಪತ್ರ ತಲುಪಿದೆ. ಇಷ್ಟು ವರ್ಷದಲ್ಲಿ ನಿಂಬೆವ್ವನ ಹೆಸರಿಗೆ ಬಂದ ಮೊದಲ ಪತ್ರವಂತೆ. ಅಂಚೆಯವನು ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗ ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಹಬ್ಬಕ್ಕೆ ಕರೆಯಲು ಬಂದವರ ಮುಂದೆ ನಿಂತಂತೆ ನಿಂತಳು. ಅವಳಿಗೆ ಓದು ಬಾರದು. ನಾನೇ ಓದಿದೆ. ಎಲ್ಲರೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದರು.

‘ತಮ್ಮ ಸಾಧನೆಯು ನಿರೀಕ್ಷಿತ ಮಟ್ಟಕ್ಕಿಂತ ಕೆಳಗಿರುವುದರಿಂದ...’

‘ಹಂಗಂದ್ರೇನ್ರಿ ಅಕ್ಕಾರ?’

‘ನೀ ಕಡಿಮಿ ಬಡೀತಿ ಅಂತ.’

ಅವಳು ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಹಂಚಿನ ಕಡೆ ನೋಡಿದೆ. ನಿಂಬೆವ್ವ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡು, ಆ ದಿನದ ಹಿಟ್ಟು ಮುಗಿಯುವವರೆಗೆ ಬಡಿದಳು. ಮೂವತ್ತಕ್ಕೆ ಹೋಗುತ್ತಾಳೆ. ಹಿರೋಳ್ಳಿಯಲ್ಲಿ ಅವಳ ತಮ್ಮ ಮಾಳಿಂಗನ ಮನೆ ಇದೆ. ನಮ್ಮ ತವರೂರಿನ ಮಣ್ಣು ಅವಳನ್ನು ಇಟ್ಟುಕೊಳ್ಳುತ್ತದೆ.

ತಮ್ಮ ನಿರ್ಧಾರ ಜಾರಿಯಾಗಿದೆ. ಎರಡನೆಯ ತಾರೀಖು ಏನಾಗುತ್ತದೋ ಅದರ ಹೊಣೆ ಚಾರ್ಟಿನದು. ಕೊಡವನ್ನು ಹಿಡಿದುಕೊಂಡು ತಾವೇ ಬರಬೇಕಾಗಿ ವಿನಂತಿ. ಖುರ್ಷಿದಬೇಗಂಳನ್ನು ಒಮ್ಮೆ ಕಣ್ಣಾರೆ ನೋಡಿದಂತಾಗುತ್ತದೆ.

ಗುರುಶಾಂತಮ್ಮ ಶಿವರಾಯ


ಜೇವರ್ಗಿ
3 ಡಿಸೆಂಬರ್ 2024, ಮಧ್ಯಾಹ್ನ

ವೈನಿ,

‘ಶ್ರೀ’ ಮತ್ತು ‘ತಾವು’ ಓದಿದಾಗಲೇ ಹೆದರಬೇಕಿತ್ತು. ಕೆಲಸದ ಗದ್ದಲದಲ್ಲಿ ಹೆದರುವುದು ಬಿಟ್ಟುಹೋಯಿತು.

ನಿನ್ನೆ ಸಂಜೆ ಅಫಜಲಪುರದಿಂದ ಗನಿ ಸಾಹೇಬರ ಫೋನು. ‘ಕ್ಯಾ ಅಮರನಾಥ ಭಾಯ್, ಪಹಿಲೇ ದಿನಾನೇ ಕಮ್ಮಿ ಅದಾವಲ್ಲ?’ ಎಂದರು. ಎಣಿಕೆಯಲ್ಲಿ ಅವರ ಹುಡುಗರು ತಪ್ಪಿರಬೇಕು ಎಂದೆ. ಇವತ್ತು ನಿಮ್ಮ ಚಾರ್ಟು ಬಂತು. ಅವರ ಹುಡುಗರು ತಪ್ಪಿಲ್ಲ. ಸಾವಿರದ ಒಂಬೈನೂರ ತೊಂಬತ್ತು.

ಅಂಗಡಿಯ ಬಾಗಿಲು ಅರ್ಧ ಎಳೆದು ಕೂತು ಲೆಕ್ಕ ಮಾಡಿದೆ. ಎರಡು ಸಾವಿರದ ಇನ್ನೂರರಲ್ಲಿ ನಿಂಬೆವ್ವನ ನೂರಾ ಇಪ್ಪತ್ತು ಕಳೆದು, ಜಯಮಾಲಾಳ ಇನ್ನೂರ ಮೂವತ್ತು ಕೂಡಿಸಿದರೆ ಎರಡು ಸಾವಿರದ ಮುನ್ನೂರ ಹತ್ತು ಬರಬೇಕು. ಮುನ್ನೂರ ಇಪ್ಪತ್ತು ರೊಟ್ಟಿ ಎಲ್ಲಿ ಹೋದವು? ಜಯಮಾಲಾ ನೂರೈವತ್ತೇ ಬಡಿದಿದ್ದಾಳೆ. ಹೊಸ ಹಂಚು, ಹೊಸ ಹಿಟ್ಟು, ಒಪ್ಪಿದೆ. ಆದರೆ ಖುರ್ಷಿದಬೇಗಂ? ಅವಳ ಖಾನೆಯಲ್ಲಿ ಸೊನ್ನೆ. ಮೂರು ವಾರ ಇನ್ನೂರ ನಲವತ್ತಕ್ಕೆ ಒಂದೂ ತಪ್ಪದವಳು ಬೇಕಾದ ದಿನವೇ ಸೊನ್ನೆ.

ನನಗೆ ತಿಳಿಯಿತು. ನಿಂಬೆವ್ವನನ್ನು ಬಿಡಿಸಿದ್ದಕ್ಕೆ ಮುಷ್ಕರ. ಅಥವಾ ಬೇರೆ ರೊಟ್ಟಿ ಕೇಂದ್ರದವರು ಅವಳನ್ನು ಎಳೆದುಕೊಂಡಿದ್ದಾರೆ. ನಿಮ್ಮ ಮೌನ ನೋಡಿದರೆ ನಿಮಗೂ ಗೊತ್ತಿತ್ತು. ದಯವಿಟ್ಟು ಅವಳ ಮನೆಗೆ ಹೋಗಿ. ಕೊಡದ ಜೊತೆ ಒಂದು ಕೊಪ್ಪರಿಗೆಯನ್ನೂ ಕೊಡುತ್ತೇನೆ ಎನ್ನಿ. ನನ್ನದು ತಪ್ಪಾಯಿತು ಎಂದು ಬೇಕಾದರೂ ಹೇಳಿ, ಏನು ತಪ್ಪು ಎಂದು ಕೇಳಿದರೆ ಮಾತ್ರ ನನಗೆ ಬರೆಯಿರಿ.

ವಾರದ ಮೊದಲ ದಿನ ಹೋಯಿತು. ಶನಿವಾರದೊಳಗೆ ಇನ್ನೊಂದು ದಿನ ಹೋದರೆ ಆರ್ಡರೂ ಹೋಗುತ್ತದೆ, ಒಲೆಗಳೂ ಹೋಗುತ್ತವೆ. ಯಂತ್ರದವನು ಎರಡು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ.

ಅಮರನಾಥ


ಆಳಂದ
4 ಡಿಸೆಂಬರ್ 2024, ಬೆಳಿಗ್ಗೆ ಆರು

ಅಮರಪ್ಪಾ,

ನಿನ್ನ ಪತ್ರ ನಿನ್ನೆ ಸಂಜೆಯ ಬಸ್ಸಿಗೆ ಬಂತು. ಇನ್ನು ಮುಚ್ಚಿಡುವುದಿಲ್ಲ.

ಖುರ್ಷಿದಬೇಗಂ ಮುಷ್ಕರ ಹೂಡಿಲ್ಲ. ಸೆಪ್ಟೆಂಬರಿನಲ್ಲಿ ಬಸ್ಸಿನ ಮೆಟ್ಟಿಲಿಂದ ಬಿದ್ದು ಬಲಗೈ ಮುರಿದುಕೊಂಡಳು. ಎಲುಬು ಕೂಡಿಲ್ಲವೆಂದು ಎರಡನೆಯ ಸಲ ಪ್ಲಾಸ್ಟರು ಹಾಕಿದ್ದಾರೆ. ಎರಡೂವರೆ ತಿಂಗಳಿಂದ ಅವಳು ಶೆಡ್ಡಿಗೆ ಬಂದಿಲ್ಲ. ನಿನ್ನ ಗಡಿಯಾರ ಮನೆಯಲ್ಲಿ ಮಲಗಿದೆ.

ನಮ್ಮ ಶೆಡ್ಡಿನಲ್ಲಿ ಮೊದಲಿನಿಂದ ಒಂದು ನಡೆ ಇದೆ. ಯಾರೇ ಬಾಣಂತಿಯಾಗಲಿ, ಬೇನೆ ಬೀಳಲಿ, ಅವಳ ಒಲೆ ಆರಿಸುವುದಿಲ್ಲ. ಉಳಿದವರಲ್ಲಿ ಕೈ ಗಟ್ಟಿ ಇದ್ದವರು ಕೂತು ಬಡಿಯುತ್ತಾರೆ, ರೊಟ್ಟಿ ಅವಳ ಬುಟ್ಟಿಗೇ ಬೀಳುತ್ತದೆ, ಕೂಲಿ ಅವಳ ಮನೆಗೇ ಹೋಗುತ್ತದೆ. ಅವಳು ಎದ್ದು ಬಂದ ದಿನ ಒಲೆ ಬೆಚ್ಚಗಿರುತ್ತದೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಯಾವ ಚಾರ್ಟಿಗೂ ಗೊತ್ತಿಲ್ಲ.

ಹನ್ನೊಂದನೆಯ ಒಲೆ ಖುರ್ಷಿದಳದು. ಅದಕ್ಕೆ ಕೂತವಳು ನಿಂಬೆವ್ವ. ಉಳಿದವರು ಎಂಟಕ್ಕೆ ಬಂದರೆ ಅವಳು ಐದಕ್ಕೆ ಬರುತ್ತಿದ್ದಳು. ಮೊದಲು ಖುರ್ಷಿದಳ ಬುಟ್ಟಿಗೆ ಇನ್ನೂರ ನಲವತ್ತು ಎಣಿಸಿ ಹಾಕುವಳು, ಆಮೇಲೆ ಕೈಯಲ್ಲಿ ಉಳಿದ ಕಸುವಿನಲ್ಲಿ ತನ್ನ ಬುಟ್ಟಿಗೆ ನೂರಾ ಇಪ್ಪತ್ತು. ಕೂಡಿಸು. ಲೆಕ್ಕ ನಿನಗೆ ಚೆನ್ನಾಗಿ ಬರುತ್ತದೆ. ನೀನು ಕೊಡ ಕೊಳ್ಳಬೇಕಾದದ್ದು ಯಾರಿಗೆ, ರಿಜಿಸ್ಟರ್ ಹಾಕಿದ್ದು ಯಾರಿಗೆ?

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಹೇಳಲು ಪೆನ್ನು ಹಿಡಿದೇ ಕೂತಿದ್ದೆ. ಮೊದಲು ಧಮ್ಮಪಾಲನ ಸುದ್ದಿ ಕೇಳಿದೆ. ಹದಿನೈದು ದಿನ ಬರದವನ ಜಾಗ ನೀನು ಖಾಲಿ ಇಡಲಿಲ್ಲ. ಎರಡೂವರೆ ತಿಂಗಳು ಬರದವಳ ಹೆಸರು ನಿನ್ನ ಕೈಗೆ ಹೇಗೆ ಕೊಡಲಿ? ನಿಂಬೆವ್ವನಿಗೂ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಬಿಡಲಿಲ್ಲ. ನಾಲಿಗೆ ಎಣಿಸುವ ಖಾನೆ ಬೇಕೆಂದಿದ್ದೆಯಲ್ಲ, ಇದನ್ನು ತುಂಬಿಕೊ.

ನನ್ನದೂ ತಪ್ಪಿದೆ. ಸೊನ್ನೆ ಬಿದ್ದರೆ ನಿನ್ನ ಕಣ್ಣು ತೆರೆಯುತ್ತದೆ ಎಂದು ಸೋಮವಾರ ಹನ್ನೊಂದನೆಯ ಒಲೆಗೆ ಯಾರನ್ನೂ ಕೂಡಿಸಲಿಲ್ಲ. ಸಿಟ್ಟಿನಲ್ಲಿ ಹನ್ನೊಂದು ಮನೆಯ ಅನ್ನವನ್ನು ಪಣಕ್ಕಿಟ್ಟೆ. ಸೋಮವಾರ ಟೆಂಪೋ ಹೋದ ಮೇಲೆ ಅದು ತಿಳಿಯಿತು.

ನಿನ್ನೆ ಆ ಒಲೆ ಹೊತ್ತಿಸಿದೆವು. ಹಚ್ಚಿದವಳು ಯಾರು ಗೊತ್ತೇ? ನಿನ್ನ ಜಯಮಾಲಾ. ‘ಈ ವಲಿ ಯಾರದ್ರಿ? ಯಾಕ ತಣ್ಣಗದ?’ ಎಂದು ಕೇಳಿದಳು. ಹೇಳಿದೆ. ‘ಮೊದ್ಲೇ ಹೇಳಬಾರದೇನ್ರಿ ದೊಡ್ಡಮ್ಮಾ, ನಾ ಸುಳ್ಳೇ ನನ್ನ ಬುಟ್ಟಿ ತುಂಬಾಕತ್ತೀನಿ’ ಎಂದು ಎದ್ದು ಹೋಗಿ ಕೂತಳು. ಬೆಳಗಿನ ಐದರಿಂದ ಮೂರರವರೆಗೆ ಯಾರೂ ಬೆನ್ನು ನೆಟ್ಟಗೆ ಮಾಡಲಿಲ್ಲ. ನಾನೂ ಕೂತೆ, ಈ ಮೊಣಕಾಲಿನಲ್ಲಿ. ಟೆಂಪೋ ಅರ್ಧ ತಾಸು ಕಾಯಿತು. ಎರಡು ಸಾವಿರದ ಇನ್ನೂರ ಮೂರು. ಭಾಗ್ಯಜ್ಯೋತಿಯ ಮಣಿಕಟ್ಟು ಊದಿಕೊಂಡಿದೆ, ಇವತ್ತು ಬಟ್ಟೆ ಕಟ್ಟಿಕೊಂಡು ಬಂದಿದ್ದಾಳೆ. ಇವತ್ತೊಂದು ದಿನ ಎಳೆಯುತ್ತೇವೆ. ನಾಳೆ ಆಗುವುದಿಲ್ಲ.

ನಿನ್ನ ಅಣ್ಣನವರು ನಿನ್ನೆ ಹಿರೋಳ್ಳಿಗೆ ಹೋಗಿ ನಿಂಬೆವ್ವನನ್ನು ಕರೆದರು. ಅವಳು ಚಹಾ ಕೊಟ್ಟು, ‘ಯಾರು ಪತ್ರ ಬರದು ಬಿಡಸ್ಯಾರ, ಅವರೇ ಪತ್ರ ಬರದು ಕರೀಲಿರಿ’ ಎಂದಳಂತೆ. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ನಿನ್ನ ಅಂಚೆ ಮೂರು ದಿನ ತೆಗೆದುಕೊಳ್ಳುತ್ತದೆ. ನಮಗಿರುವುದು ಒಂದು ದಿನ.

ವೈನಿ


ಹಿರೋಳ್ಳಿ
4 ಡಿಸೆಂಬರ್ 2024, ಸಂಜೆ

ಪೂಜ್ಯ ವೈನಿಯವರಿಗೆ,

ಅಂಚೆಗೆ ಮೂರು ದಿನ ಬೇಕು ಎಂದಿರಿ, ಅದಕ್ಕೆ ನಾನೇ ಅಂಚೆಯವನಾಗಿ ಬಂದೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಆಳಂದದ ನಿಲ್ದಾಣದಲ್ಲಿ ಕೆಳಗಿಳಿಯದೆ ಮುಖ ಕಿಟಕಿಯಿಂದ ಈಚೆ ಇಟ್ಟುಕೊಂಡು ಇಲ್ಲಿಗೆ ಮುಟ್ಟಿದೆ. ನಿಮ್ಮೆದುರು ನಿಲ್ಲುವ ಧೈರ್ಯ ಇನ್ನೂ ಬಂದಿಲ್ಲ.

ಮಾಳಿಂಗನ ಮನೆಯ ಕಟ್ಟೆಯ ಮೇಲೆ ನಿಂಬೆವ್ವ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಅವಳ ಹೆಸರಿಗೆ ಬಸ್ಸಿನಲ್ಲಿ ಬರೆದ ಪತ್ರವನ್ನು ಮುಂದೆ ಚಾಚಿದೆ. ತೆಗೆದುಕೊಳ್ಳಲಿಲ್ಲ.

‘ನಂಗ ಓದಾಕ ಬರಲ್ರಿ. ಹೋದ ಪತ್ರ ಹತ್ತು ಮಂದಿ ಮುಂದ ಓದ್ಯಾರ. ಇದನ್ನೂ ಓದ್ರಿ, ಮಂದಿ ಕೇಳಲಿ.’

ಮಂದಿ ಆಗಲೇ ಕೂಡಿದ್ದರು. ನಿಂತು ಓದಿದೆ. ತರಬೇತಿಯಲ್ಲಿ ಎಪ್ಪತ್ತು ಜನರೆದುರು ಮಾತಾಡಿದವನಿಗೆ ಹದಿನೈದು ಜನರೆದುರು ದನಿ ನಡುಗಿತು. ‘ತಮ್ಮ ಸಾಧನೆಯನ್ನು ಅಳೆಯುವಲ್ಲಿ ತಪ್ಪಾಗಿದ್ದು...’ ಎನ್ನುವಾಗ ಅವಳು ಕೈ ಎತ್ತಿದಳು.

‘ಅದು ಯಾರ ತಪ್ಪಂತ ಬರದಿಲ್ಲೇನ್ರಿ?’

‘ನಂದವ್ವಾ.’

‘ಬರೀರಿ ಮತ್ತ.’

ಮಾಳಿಂಗನ ಬೆನ್ನ ಮೇಲೆ ಕಾಗದವಿಟ್ಟು ಬರೆದೆ. ಮುಂದೆ ಕೂಲಿ ಹೆಚ್ಚು ಕೇಳುತ್ತಾಳೆ ಎಂದುಕೊಂಡೆ, ಒಪ್ಪಲು ತಯಾರಾಗಿಯೂ ಇದ್ದೆ. ಅವಳು ಕೇಳಿದ್ದು ಒಂದೇ. ‘ಖುರ್ಷಿದಕ್ಕನ ಬುಟ್ಟಿ?’ ಎಂದಳು. ಕೈ ಕೂಡುವವರೆಗೆ ಹನ್ನೊಂದನೆಯ ಒಲೆ, ಬುಟ್ಟಿ, ಕೂಲಿ ಅವಳದೇ ಎಂದೆ. ‘ಅದನ್ನೂ ಬರೀರಿ’ ಎಂದಳು. ಅದನ್ನೂ ಬರೆದೆ. ಆಮೇಲೆ ನನ್ನನ್ನು ಕೂಡಲು ಹೇಳಿದಳು.

‘ಮೊದಲೇ ಹೇಳಬಾರದಿತ್ತೇನವ್ವಾ?’ ಎಂದು ಕೇಳಿದೆ.

‘ನೀವು ಕೇಳಿದ್ರೇನ್ರಿ? ನೀವು ಎಣಿಸಿದ್ರಿ.’

ಈ ಪತ್ರವನ್ನು ಬಸ್ಸಿಗೆ ಹಾಕುತ್ತಿಲ್ಲ. ಅವಳ ಎಲೆಅಡಿಕೆಯ ಚೀಲದಲ್ಲಿ, ನನ್ನ ಆ ರಿಜಿಸ್ಟರ್ ಪತ್ರದ ಪಕ್ಕದಲ್ಲಿ ಇಡುತ್ತಿದ್ದೇನೆ. ಅದನ್ನು ಹರಿದು ಹಾಕು ಎಂದರೆ ಒಪ್ಪಲಿಲ್ಲ. ನಾಳೆ ಐದಕ್ಕೆ ಈ ಪತ್ರ ನಿಮ್ಮ ಕೈ ಸೇರಿದರೆ ತಂದವಳೂ ಬಂದಳು ಎಂದು ತಿಳಿಯಿರಿ. ಸೇರದಿದ್ದರೆ ನಾನು ಬರೆದದ್ದು ಸಾಲದಾಯಿತು.

ಅಮರನಾಥ


ಆಳಂದ
8 ಡಿಸೆಂಬರ್ 2024, ಭಾನುವಾರ

ಚಿ. ಅಮರನಾಥನಿಗೆ ಆಶೀರ್ವಾದ.

ಪತ್ರ ಐದಕ್ಕಲ್ಲ, ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂತು. ತಂದವಳು ಮೊದಲು ಒಲೆ ಹಚ್ಚಿದಳು, ಆಮೇಲೆ ಪತ್ರ ಕೊಟ್ಟಳು.

ಗುರುವಾರ ಎರಡು ಸಾವಿರದ ಇನ್ನೂರ ಎಂಬತ್ತು, ಶುಕ್ರವಾರ, ಶನಿವಾರ ಅದಕ್ಕಿಂತ ಹತ್ತಿಪ್ಪತ್ತು ಹೆಚ್ಚು. ಬುಧವಾರದ್ದು ಕೇಳಬೇಡ, ಸರಿಯಾಗಿ ಎರಡು ಸಾವಿರದ ಇನ್ನೂರು, ಕೊನೆಯ ರೊಟ್ಟಿ ಇನ್ನೂ ಬಿಸಿ ಇರುವಾಗಲೇ ಟೆಂಪೋಗೆ ಹಾಕಿದೆವು. ವಾರ ಮುಗಿಯಿತು. ತಪ್ಪಿದ್ದು ಒಂದೇ ದಿನ. ನಿಂಬೆವ್ವನ ಒಲೆಯಲ್ಲಿ ಜಯಮಾಲಾ ಇದ್ದುದರಿಂದ ನಿನ್ನ ಅಣ್ಣನವರು ಮಣ್ಣು ಕಲಸಿ ಹನ್ನೆರಡನೆಯ ಒಲೆ ಹಾಕಿದ್ದಾರೆ. ಸ್ವಲ್ಪ ವಾರೆಯಾಗಿದೆ. ಅವರಿಗೆ ಹೇಳಬೇಡ.

ನೀನು ಕಳಿಸಿದ ಕೊಡವನ್ನು ನೋಡಲು ನಿನ್ನೆ ಖುರ್ಷಿದಬೇಗಂ ತನ್ನ ಸೊಸೆ ಜಸ್ಮೀನಳನ್ನು ಕರೆದುಕೊಂಡು ಬಂದಿದ್ದಳು. ಪ್ಲಾಸ್ಟರಿನ ಕೈ ಎತ್ತಿ, ‘ಈ ಕೈಗೆ ಇನಾಮು ಅಂತಲ್ರಿ ಅಕ್ಕಾ, ಎಲುಬು ಕೂಡಾಕ ಹೆದರಾಕತ್ತದ’ ಎಂದಳು. ಕೊಡ ನಿಂಬೆವ್ವನಿಗೆ ಕೊಡೋಣ ಎಂದರೆ ಅವಳು ಬೇಡವೆಂದಳು. ಶೆಡ್ಡಿನಲ್ಲೇ ಇದೆ. ಹಿಟ್ಟು ಕಲಸುವ ನೀರು ಅದರಲ್ಲಿಟ್ಟಿದ್ದೇವೆ.

ಈ ವಾರದ ಚಾರ್ಟಿನಲ್ಲಿ ಕೊನೆಯ ಸ್ಥಾನ ಜಯಮಾಲಾಳದು. ಬೆಳಗಿನ ಹೊತ್ತು ಹನ್ನೊಂದನೆಯ ಒಲೆಗೆ ಈಗ ಅವಳೂ ಪಾಳಿಯಲ್ಲಿ ಕೂಡುತ್ತಾಳೆ. ಅವಳಿಗೆ ರಿಜಿಸ್ಟರ್ ಬರೆಯುವ ಮೊದಲು ನನಗೊಂದು ಫೋನ್ ಮಾಡು. ನಿನ್ನ ಅಣ್ಣನವರ ತೀರ್ಪನ್ನು ರದ್ದು ಮಾಡಿಸಿದ್ದೇನೆ. ಅದಕ್ಕಾಗಿ ತಪ್ಪೊಪ್ಪಿಗೆ ಕೊಡಬೇಕಾಯಿತು. ಯುಗಾದಿಯಂದು ನೆಟ್‌ವರ್ಕ್ ಎಲ್ಲೂ ಹೋಗಿರಲಿಲ್ಲ. ಕಟ್ ಮಾಡಿದ್ದು ನಾನೇ.

ಧಮ್ಮಪಾಲನ ಮನೆ ನಿನ್ನ ಅಂಗಡಿಯಿಂದ ಎಷ್ಟು ದೂರ?

ವೈನಿ


ಜೇವರ್ಗಿ
12 ಡಿಸೆಂಬರ್ 2024

ಪೂಜ್ಯ ವೈನಿಯವರಿಗೆ ಶರಣು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇನ್ನೂರು ಹೆಜ್ಜೆ ದೂರ. ನಿನ್ನೆ ಹೋಗಿದ್ದೆ. ಧಮ್ಮಪಾಲ ಹೊರಗೆ ಬಂದು ಕುರ್ಚಿ ಹಾಕಿದ. ಅವನು ಈಗ ಬಸ್ ನಿಲ್ದಾಣದ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾನೆ. ಮರಳಿ ಬಾ ಎಂದೆ, ತಪ್ಪು ನನ್ನದು ಎಂದೂ ಹೇಳಿದೆ. ಹಿರೋಳ್ಳಿಯಲ್ಲಿ ಅಭ್ಯಾಸವಾಗಿದ್ದರಿಂದ ಈ ಸಲ ದನಿ ನಡುಗಲಿಲ್ಲ. ಅವನು, ‘ಜ್ವರ ಬಂದಾಗ ಒಂದಿನ ಇಷ್ಟು ದೂರ ಬಂದಿದ್ರ ಸಾಕಾಗಿತ್ರಿ ಸಾವ್ಕಾರ’ ಎಂದ. ‘ವಿಚಾರ ಮಾಡ್ತೇನಿ’ ಎಂದೂ ಅಂದ.

ಅಂಗಡಿಗೆ ಬಂದು ಮೊಳೆಯಿಂದ ಪ್ರಮಾಣಪತ್ರ ಇಳಿಸಿದೆ. ಅವನ ಟವೆಲ್ಲು ಹಿಂದಿನ ಕೋಣೆಯ ಖಾಲಿ ಬುಟ್ಟಿಗಳ ಕೆಳಗೆ ಸಿಕ್ಕಿತು. ಒಗೆದು, ಒಣಗಿಸಿ, ಅದೇ ಮೊಳೆಗೆ ಹಾಕಿದ್ದೇನೆ. ಗಿರಾಕಿಗಳು ಅದರ ಕಡೆ ನೋಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ.

ಇವತ್ತಿನವರೆಗೆ ಅವನ ಉತ್ತರ ಬಂದಿಲ್ಲ. ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಈ ಸಲ ತಿಳಿಯುವುದಿಲ್ಲ.

ನಿಮ್ಮ
ಅಮರನಾಥ